ಸಕ್ಕರೆ ಸೀಯದ ಹಾಗೆ, ಖಾರ ಘಾಟೇಳದ ಹಾಗೆ

ಸಿಹಿ-ಖಾರದ ಪಾಪ್‌ಕಾರ್ನನ್ನು ಮೊದಲ ಸಲ ಒಲೆಯ ಮೇಲೆ ಮಾಡಹೊರಟಾಗ ನಾನು ಎಣ್ಣೆ, ಕಾಳು, ಸಕ್ಕರೆ, ಉಪ್ಪು, ಖಾರದ ಪುಡಿ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದು ಮುಚ್ಚಳ ಮುಚ್ಚಿಬಿಟ್ಟಿದ್ದೆ. ಒಂದು ಕಾಳೂ ಸಿಡಿಯುವ ಮೊದಲೇ ಖಾರದ ಪುಡಿ ಕಮರಿ ಘಾಟೆದ್ದಿತು; ಮನೆಯವರೆಲ್ಲ ಕೆಮ್ಮುತ್ತ ಕಿಟಕಿ ತೆರೆಯುವಷ್ಟರಲ್ಲಿ ಸಕ್ಕರೆ ಕಪ್ಪಾಗಿ ತಳ ಹಿಡಿದಿತ್ತು. ಅರಳಿದ ಬೆರಳೆಣಿಕೆಯ ಕಾಳುಗಳೂ ಆ ಕಪ್ಪಿಗೆ ಅಂಟಿಕೊಂಡು, ತಿನ್ನಲು ಬಾರದಂತಾಗಿದ್ದವು. ಆ ದಿನ ತಪ್ಪಿದ್ದು ಅಳತೆಯಲ್ಲ, ಹಾಕುವ ಹೊತ್ತು ಎಂಬುದು ನನಗೆ ಅರಿವಾದದ್ದು ಇನ್ನೆರಡು ಬಾರಿ ಪಾತ್ರೆಯನ್ನು ಸೀಯಿಸಿದ ಮೇಲೆ.

ಪಾಪ್‌ಕಾರ್ನ್ ಕಾಳಿನ ಒಳಗೆ ಶೇಕಡ 14ರ ಆಸುಪಾಸಿನಲ್ಲಿ ತೇವಾಂಶವಿರುತ್ತದೆ. ಕಾಯಿಸಿದಾಗ ಈ ನೀರು ಹಬೆಯಾಗಲು ಹವಣಿಸುತ್ತದೆ. ಆದರೆ ಗಟ್ಟಿಯಾದ ಹೊರಸಿಪ್ಪೆ ಅದನ್ನು ಹೊರಬಿಡದೆ ಹಿಡಿದಿಡುವುದರಿಂದ ಒಳಗೆ ಒತ್ತಡ ಏರುತ್ತ ಹೋಗುತ್ತದೆ, ಪಿಷ್ಟ ಬೆಂದು ಮೆತ್ತಗಾಗುತ್ತದೆ. ಶಾಖ 180 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಸಿಪ್ಪೆ ಸೋತು ಒಡೆಯುತ್ತದೆ, ಮೆತ್ತಗಿದ್ದ ಪಿಷ್ಟ ನೊರೆಯಂತೆ ಉಬ್ಬಿ ಹೊರಬಂದು ಆ ಕ್ಷಣದಲ್ಲಿಯೇ ತಣಿದು ಗಟ್ಟಿಯಾಗುತ್ತದೆ. ಸಕ್ಕರೆಯ ಸ್ವಭಾವವೇನೆಂದರೆ, 160-170 ಡಿಗ್ರಿಯಿಂದಲೇ ಅದು ಬಣ್ಣ ತಿರುಗಲು ಮೊದಲಾಗಿ, 186 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗಿ, ಇನ್ನು ಸ್ವಲ್ಪ ಬಿಟ್ಟರೆ ಕಹಿಯಾಗುತ್ತದೆ. ಅಂದರೆ ಕಾಳು ಅರಳುವ ಶಾಖಕ್ಕೂ ಸಕ್ಕರೆ ಕೆಡುವ ಶಾಖಕ್ಕೂ ನಡುವೆ ಇರುವ ಅಂತರ ತೀರ ಕಡಿಮೆ. ಖಾರದ ಪುಡಿಯಂತೂ ಕಾದ ಎಣ್ಣೆಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಕರಿದಾಗುವ ವಸ್ತು. ಹೀಗಾಗಿ ಕಾಳು ಮೊದಲು, ಸಕ್ಕರೆ ನಡುವೆ, ಖಾರ ಒಲೆಯಿಂದ ಇಳಿಸಿದ ಮೇಲೆ ಎಂಬ ಸರದಿಯನ್ನು ನಾನು ಈಗ ಯಾವ ಕಾರಣಕ್ಕೂ ತಪ್ಪಿಸುವುದಿಲ್ಲ.

ನನ್ನ ಅಳತೆ ಹೀಗಿದೆ: ಅರ್ಧ ಕಪ್ ಕಾಳು, 3 ದೊಡ್ಡ ಚಮಚ ಎಣ್ಣೆ, ಕಾಲು ಕಪ್ ಸಣ್ಣ ಹರಳಿನ ಸಕ್ಕರೆ, ಮುಕ್ಕಾಲು ಟೀ ಚಮಚ ನುಣ್ಣನೆಯ ಉಪ್ಪು, ಒಂದು ಟೀ ಚಮಚ ಖಾರದ ಪುಡಿ, ಒಂದು ಟೀ ಚಮಚ ತುಪ್ಪ. ಅರ್ಧ ಕಪ್ ಕಾಳು ನೋಡಲು ಕಡಿಮೆ ಎನ್ನಿಸಬಹುದು. ಅರಳಿದಾಗ ಅದು ಸುಮಾರು 16 ಕಪ್ ಆಗುವುದರಿಂದ 5 ಲೀಟರಿಗೆ ಕಡಿಮೆಯಿಲ್ಲದ, ದಪ್ಪ ತಳದ, ಎರಡು ಹಿಡಿಗಳಿರುವ ಪಾತ್ರೆಯೇ ಬೇಕು. ತೆಳು ತಳದ ಪಾತ್ರೆಯಲ್ಲಿ ಶಾಖ ಒಂದೇ ಕಡೆ ನಿಲ್ಲುತ್ತದೆ, ಸಕ್ಕರೆ ಅಲ್ಲಿಯೇ ಸೀಯುತ್ತದೆ. ಪುಡಿ ಸಕ್ಕರೆಯನ್ನು ನಾನು ಬಳಸುವುದಿಲ್ಲ, ಏಕೆಂದರೆ ಅದು ಕರಗುವುದೂ ಬೇಗ, ಸೀಯುವುದೂ ಬೇಗ.

ಕಾಳಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಡಬ್ಬಿಯ ಮುಚ್ಚಳ ಸಡಿಲವಾಗಿದ್ದುದನ್ನು ಗಮನಿಸದೆ ತಿಂಗಳುಗಟ್ಟಲೆ ಇಟ್ಟಿದ್ದ ಕಾಳನ್ನು ಒಮ್ಮೆ ಹುರಿದಾಗ ಅದರಲ್ಲಿ ಅರ್ಧಕ್ಕರ್ಧ ಅರಳದೆ ಉಳಿಯಿತು. ಒಳಗಿನ ತೇವ ಆರಿಹೋದರೆ ಹಬೆಯೇ ಹುಟ್ಟುವುದಿಲ್ಲ, ಇನ್ನು ಸಿಡಿಯುವುದೆಲ್ಲಿಂದ? ಉಳಿದಿದ್ದ ಅರ್ಧ ಕಿಲೋ ಕಾಳಿಗೆ ಎರಡು ಟೀ ಚಮಚ ನೀರು ಚಿಮುಕಿಸಿ, ಗಾಜಿನ ಭರಣಿಯಲ್ಲಿ ಭದ್ರವಾಗಿ ಮುಚ್ಚಿ, ದಿನಕ್ಕೆರಡು ಬಾರಿ ಅಲುಗಾಡಿಸುತ್ತ ನಾಲ್ಕು ದಿನ ಇಟ್ಟ ಮೇಲೆ ಅದೇ ಕಾಳು ಚೆನ್ನಾಗಿ ಅರಳಿತು. ಆದರೆ ಸಿಪ್ಪೆಯೇ ಸೀಳಿರುವ ಕಾಳಿಗೆ ಈ ಉಪಾಯ ನಡೆಯದು.

ಎಣ್ಣೆಯನ್ನು ಮಧ್ಯಮ ಉರಿಯಲ್ಲಿ ಕಾಯಲಿಟ್ಟು ಅದಕ್ಕೆ ಮೂರೇ ಮೂರು ಕಾಳು ಹಾಕಿ ಮುಚ್ಚಬೇಕು. ಆ ಮೂರೂ ಸಿಡಿದವೆಂದರೆ ಎಣ್ಣೆ ಹದಕ್ಕೆ ಬಂದಿದೆ ಎಂದು ಅರ್ಥ. ಆಗ ಪಾತ್ರೆಯನ್ನು ಒಲೆಯಿಂದ ಇಳಿಸಿ, ಉಳಿದ ಕಾಳನ್ನೆಲ್ಲ ಸುರಿದು, ಒಮ್ಮೆ ಕುಲುಕಿ, ಅರ್ಧ ನಿಮಿಷ ಹಾಗೆಯೇ ಬಿಡುತ್ತೇನೆ. ಈ ಅರ್ಧ ನಿಮಿಷದಲ್ಲಿ ಎಲ್ಲ ಕಾಳುಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಿಸಿಯಾಗುತ್ತವೆ; ಮತ್ತೆ ಒಲೆಗೇರಿಸಿದಾಗ ಒಂದರ ಹಿಂದೊಂದು ಬೇಗಬೇಗನೆ ಸಿಡಿಯುವುದರಿಂದ ಸಕ್ಕರೆ ಬಿಸಿ ತಳದಲ್ಲಿ ಕಾಯುತ್ತ ಕೂರಬೇಕಾದ ಹೊತ್ತು ಕಡಿಮೆಯಾಗುತ್ತದೆ. ಸಾದಾ ಪಾಪ್‌ಕಾರ್ನಿಗೆ ಇದು ಅನುಕೂಲವಷ್ಟೇ, ಸಿಹಿ ಹಾಕುವಾಗ ಮಾತ್ರ ಇದನ್ನು ಬಿಡುವಂತಿಲ್ಲ.

ಒಲೆಗೇರಿಸಿದ ಮೇಲೆ ನಾಲ್ಕೈದು ಕಾಳು ಸಿಡಿದ ಸದ್ದು ಕೇಳಿದ ಕೂಡಲೇ ಮುಚ್ಚಳವನ್ನು ಒಂದು ಮಗ್ಗುಲಿಗೆ ಎತ್ತಿ, ಸಕ್ಕರೆಯನ್ನು ಒಂದೇ ಕಡೆ ಗುಡ್ಡೆಯಾಗದಂತೆ ಉದುರಿಸಿ ಮುಚ್ಚಬೇಕು. ಸಕ್ಕರೆ ಎಣ್ಣೆಯಲ್ಲಿ ಬೆರೆಯುವುದಿಲ್ಲ. ಅದು ಕರಗಿ ಪಾಕವಾಗಿ ತಳದಲ್ಲಿ ನಿಲ್ಲುತ್ತದೆ, ಅದನ್ನು ಕಾಳಿನ ಮೈಗೆ ಹಚ್ಚುವುದು ನಾವು ಕುಲುಕುವ ಕುಲುಕಾಟ. ಆದ್ದರಿಂದ ಇಲ್ಲಿಂದ ಮುಂದೆ ಕೈಗೆ ಬಿಡುವಿಲ್ಲ. ದಪ್ಪ ಬಟ್ಟೆಯಿಂದ ಮುಚ್ಚಳವನ್ನೂ ಹಿಡಿಗಳನ್ನೂ ಸೇರಿಸಿ ಹಿಡಿದು, ಮೂರು ಸೆಕೆಂಡು ಉರಿಯ ಮೇಲೆ, ಮೂರು ಸೆಕೆಂಡು ಮೇಲಕ್ಕೆತ್ತಿ ಕುಲುಕು, ಮತ್ತೆ ಉರಿಯ ಮೇಲೆ, ಹೀಗೆಯೇ ಸಾಗಬೇಕು. ಹಬೆ ಹೊರಹೋಗಲು ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಅರಳು ಗರಿಗರಿಯಾಗುತ್ತದೆ, ಇಲ್ಲದಿದ್ದರೆ ತನ್ನದೇ ಹಬೆಯಲ್ಲಿ ಬೆಂದು ತೊಗಲಿನಂತಾಗುತ್ತದೆ. ಕರಗಿದ ಸಕ್ಕರೆ ಕುದಿಯುವ ನೀರಿಗಿಂತ ಬಹಳ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುವಂಥದ್ದು. ಮಕ್ಕಳು ಎಷ್ಟೇ ಹಟ ಹಿಡಿದರೂ ಈ ಎರಡು ನಿಮಿಷ ಅವರನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಬಾರದು.

ಯಾವಾಗ ಇಳಿಸಬೇಕೆಂಬುದನ್ನು ಕಿವಿ ಹೇಳುತ್ತದೆ. ಮಳೆ ಸುರಿದಂತಿದ್ದ ಚಟಪಟ ಸದ್ದು ವಿರಳವಾಗಿ, ಎರಡು ಸದ್ದಿನ ನಡುವೆ ಎರಡು ಸೆಕೆಂಡು ಬಿಡುವು ಸಿಕ್ಕ ಕೂಡಲೇ ಪಾತ್ರೆ ಒಲೆಯಿಂದ ಕೆಳಗಿಳಿಯಬೇಕು. ಇನ್ನೂ ಇಪ್ಪತ್ತು ಮೂವತ್ತು ಕಾಳು ಉಳಿದಿರುತ್ತವೆ, ಉಳಿಯಲಿ. ಆ ಒಂದು ಹಿಡಿಯ ಆಸೆಗೆ ಬಿದ್ದವರು ಇಡೀ ಪಾತ್ರೆಯನ್ನು ಕಹಿ ಮಾಡಿಕೊಳ್ಳುತ್ತಾರೆ. ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಖಾರದ ಸರದಿ ಈಗ. ಎಲ್ಲವನ್ನೂ ಅಗಲವಾದ ತಟ್ಟೆಗೆ ಸುರಿದಾಗ ಪಾಕ ಇನ್ನೂ ಮೆತ್ತಗೆ ಹೊಳೆಯುತ್ತಿರುತ್ತದೆ. ಅದು ಗಟ್ಟಿಯಾಗಲು ಅರ್ಧ ನಿಮಿಷವೂ ಬೇಡ, ಗಟ್ಟಿಯಾದ ಮೇಲೆ ಯಾವ ಪುಡಿಯೂ ಅಂಟುವುದಿಲ್ಲ. ಹಾಗಾಗಿ ಖಾರದ ಪುಡಿ ಮತ್ತು ಉಪ್ಪನ್ನು ಮೊದಲೇ ಬೆರೆಸಿ ಕೈಗೆಟಕುವಲ್ಲಿ ಇಟ್ಟಿರಬೇಕು. ನಾನು ಅದರ ಅರ್ಧ ಭಾಗವನ್ನು ಒಂದು ಟೀ ಚಮಚ ಬೆಚ್ಚಗಿನ ತುಪ್ಪದಲ್ಲಿ ಕಲಸಿ ಎಳೆಎಳೆಯಾಗಿ ಸುರಿಯುತ್ತೇನೆ, ಉಳಿದರ್ಧವನ್ನು ಮೇಲಿನಿಂದ ಉದುರಿಸಿ ಎರಡು ಮರದ ಸೌಟುಗಳಿಂದ ತಳದಿಂದ ಮೇಲಕ್ಕೆ ಮಗುಚುತ್ತೇನೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುವುದರಿಂದ ತುಪ್ಪದ ಖಾರ ಎಲ್ಲ ಅರಳಿಗೂ ಸಮವಾಗಿ ಹರಡುತ್ತದೆ. ಉದುರಿಸಿದ ಪುಡಿಯ ಖಾರ ಅಲ್ಲಲ್ಲಿ ಚುರುಕಾಗಿ ತಾಕುತ್ತದೆ. ಬೆಣ್ಣೆಯಲ್ಲಿ ನೀರಿನ ಅಂಶವಿರುವುದರಿಂದ ಅದು ಅರಳನ್ನು ಮೆತ್ತಗೆ ಮಾಡುತ್ತದೆ, ತುಪ್ಪದಲ್ಲಿ ಆ ತೊಂದರೆಯಿಲ್ಲ. ಮೇಲೊಂದಿಷ್ಟು ನಿಂಬೆರಸ ಹಿಂಡುವ ಆಸೆ ನನಗೂ ಆಗಿತ್ತು, ಹಿಂಡಿಯೂ ನೋಡಿದೆ. ರಸ ಬಿದ್ದ ಕಡೆಯಲ್ಲೆಲ್ಲ ಅರಳು ಕುಸಿದು ಮುದ್ದೆಯಾಯಿತು. ಹುಳಿ ಬೇಕೇ ಬೇಕೆನ್ನುವವರು ಒಣ ಪುಡಿಯ ರೂಪದ ಹುಳಿಯನ್ನು ಉಪ್ಪಿನೊಡನೆ ಬೆರೆಸಬಹುದು.

ಹದ ಸರಿಯಾಗಿದ್ದರೆ ಬಾಯಿಗಿಟ್ಟ ಕೂಡಲೇ ತೆಳುವಾದ ಗಾಜಿನ ಪದರ ಮುರಿದಂತೆ ಸಕ್ಕರೆ ಪುಡಿಯಾಗುತ್ತದೆ, ಮೊದಲು ಸಿಹಿಯೂ ಉಪ್ಪೂ ತಿಳಿಯುತ್ತವೆ, ನುಂಗಿದ ಮೇಲೆ ಗಂಟಲಿನ ಹತ್ತಿರ ಖಾರ ಏಳುತ್ತದೆ. ಬೇರೆ ಬಾಣಲೆಯಲ್ಲಿ ಪಾಕ ಮಾಡಿ ಅರಳಿದ ಕಾಳಿನ ಮೇಲೆ ಸುರಿಯುವ ವಿಧಾನವೂ ಇದೆ. ಅದರಲ್ಲಿ ಸೀಯುವ ಭಯ ಕಡಿಮೆಯಾದರೂ ಲೇಪ ದಪ್ಪವಾಗಿ ಖಾರವೆಲ್ಲ ಸಿಹಿಯಲ್ಲಿ ಮುಳುಗಿಹೋಗುತ್ತದೆ ಎಂಬುದು ನನ್ನ ತಕರಾರು.

ಪೂರ್ತಿ ಆರಿದ ಮೇಲೆ ಮಾತ್ರ ಗಾಳಿಯಾಡದ ಡಬ್ಬಿಗೆ ತುಂಬಬೇಕು, ಸಕ್ಕರೆ ಗಾಳಿಯ ತೇವವನ್ನು ಹೀರಿ ಅಂಟಂಟಾಗುತ್ತದೆ. ಪಾತ್ರೆಯ ತಳದಲ್ಲಿ ಹಿಡಿದ ಪಾಕವನ್ನು ಕೆರೆದು ತೆಗೆಯಲು ಹೋಗಬೇಡಿ. ಎರಡು ಲೋಟ ನೀರು ಹಾಕಿ ಅದೇ ಒಲೆಯ ಮೇಲೆ ಕುದಿಸಿದರೆ ಹತ್ತು ನಿಮಿಷದೊಳಗೆ ತಾನಾಗಿ ಕರಗಿ ಬಿಡುತ್ತದೆ.