ಬೆನ್ನುಹುರಿ ಮಾನಿಟರ್ ಪ್ರಾಜೆಕ್ಟ್: ಎಚ್ಚರಿಕೆ ಕೊಡುವ ಭಾಗ ಓಡತೊಡಗಿದೆ

ಈ ವಾರ ಎಚ್ಚರಿಕೆ ಕೊಡುವ ಭಾಗ ಓಡತೊಡಗಿತು, ತುಂಬಾ ಖುಷಿ ಆಗಿದೆ. ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಅಯೋರ್ಟಾ. ಅದರ ಆಪರೇಷನ್‌ನಲ್ಲಿ ಸರ್ಜನ್ ಕ್ಲ್ಯಾಂಪ್ ಹಾಕಿದಾಗ ಬೆನ್ನುಹುರಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು, ಸಮಯಕ್ಕೆ ಗೊತ್ತಾಗದಿದ್ದರೆ ರೋಗಿಗೆ ಎಚ್ಚರವಾಗುವಾಗ ಕಾಲಿನಲ್ಲಿ ಶಕ್ತಿಯೇ ಇಲ್ಲದಿರಬಹುದು. ಅದಕ್ಕೇ ಕಾಲಿನ ಹಿಮ್ಮಡಿ ಹತ್ತಿರದ ನರಕ್ಕೆ ಸಣ್ಣ ಕರೆಂಟ್ ಕೊಡುತ್ತಾರೆ, ಅದು ಬೆನ್ನುಹುರಿ ಹತ್ತಿ ಮೆದುಳಿಗೆ ಬರುವುದನ್ನು ನೆತ್ತಿಯ ಮೇಲಿನ ಎಲೆಕ್ಟ್ರೋಡ್‌ನಲ್ಲಿ ನೋಡುತ್ತಾರೆ. ಇದಕ್ಕೆ ಎಸ್‌ಎಸ್‌ಇಪಿ ಅಂತಾರೆ. ನಾನು ಬರೆಯುತ್ತಿರುವುದು ಆ ಸಿಗ್ನಲ್ ಓದುವ ಪ್ರೋಗ್ರಾಂ. ಯಾರ ಮೈಗೂ ಕರೆಂಟ್ ಕೊಡುತ್ತಿಲ್ಲ, ಸಿಗ್ನಲ್ ಎಲ್ಲಾ ಕಂಪ್ಯೂಟರ್‌ನಲ್ಲೇ ತಯಾರಾಗುತ್ತದೆ.

ನೆತ್ತಿಗೆ ಬರುವ ಅಲೆ ತುಂಬಾ ಚಿಕ್ಕದು. ನಾನು 2 ಮೈಕ್ರೋವೋಲ್ಟ್ ಇಟ್ಟುಕೊಂಡಿದ್ದೇನೆ, ಸುತ್ತಲಿನ ಗದ್ದಲ 10. ಹಾಗಾಗಿ ನೂರಾರು ಸಲ ಕರೆಂಟ್ ಕೊಟ್ಟು ಸರಾಸರಿ ತೆಗೀಬೇಕು, 1950ರ ದಶಕದಲ್ಲೇ ಲಂಡನ್‌ನಲ್ಲಿ ಜಾರ್ಜ್ ಡಾಸನ್ ಇದಕ್ಕೆ ಯಂತ್ರ ಕಟ್ಟಿದ್ದರು. 300 ಸಲ ಸೇರಿಸಿದರೆ ಗದ್ದಲ 0.6ಕ್ಕೆ ಇಳಿಯುತ್ತದೆ. ಸೆಕೆಂಡಿಗೆ ಎಷ್ಟು ಸಲ ಅನ್ನೋದೂ ಮುಖ್ಯ. ಸರಿಯಾಗಿ 5 ಸಲ ಕೊಟ್ಟರೆ, ನಮ್ಮ ಮನೆ ಕರೆಂಟಿನ 50 ಹರ್ಟ್ಸ್ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ಕೂರುತ್ತದೆ, ಎಷ್ಟು ಸೇರಿಸಿದರೂ ಹೋಗಲ್ಲ. 4.7 ಇಟ್ಟರೆ ಅದು ಹಿಂದೆ ಮುಂದೆ ಸರಿಯುತ್ತಾ ತಾನಾಗೇ ಕರಗಿಬಿಡುತ್ತದೆ.

ಆದರೆ 4.7ರಲ್ಲಿ 300 ಸಲ ಮುಗಿಯಲು 64 ಸೆಕೆಂಡ್ ಬೇಕು. ಆ 64ರ ನಡುವೆ ಸಿಗ್ನಲ್ ಪೂರ್ತಿ ನಿಂತರೂ ಸರಾಸರಿಯಲ್ಲಿ ಅರ್ಧ ಇಳಿದ ಹಾಗೆ ಮಾತ್ರ ಕಾಣುತ್ತದೆ, ಪೂರ್ತಿ ಹೋಗಿದ್ದು ತಿಳಿಯೋಕೆ ಇನ್ನೊಂದು ಸುತ್ತು ಕಾಯಬೇಕು. ಬೆನ್ನುಹುರಿಗೆ ರಕ್ತ ಇಲ್ಲದ ಒಂದೊಂದು ನಿಮಿಷವೂ ದುಬಾರಿ ಅಲ್ವಾ? ಅದಕ್ಕೇ ಈಗ ಎರಡು ಗೆರೆ ಓಡಿಸುತ್ತಿದ್ದೇನೆ. ಕೊನೆಯ 100ರ ಸರಾಸರಿ, ಅಂದರೆ 21 ಸೆಕೆಂಡಿನದು, ಒರಟಾದರೂ ಬೇಗ ಹೇಳುತ್ತದೆ, ಅದು ಇಳಿದರೆ ಹಳದಿ. 300ರದ್ದೂ ಇಳಿದರೆ ಕೆಂಪು. ಇಳಿತದ ಅಳತೆ ಆಪರೇಷನ್ ಥಿಯೇಟರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದೇ: ಎತ್ತರ ಶೇ. 50 ಕಡಿಮೆಯಾಗಬೇಕು, ಇಲ್ಲ ಅಲೆ ಶೇ. 10 ತಡವಾಗಿ ಬರಬೇಕು.

ಕೆಂಪು ಬಂತು ಅಂದ ತಕ್ಷಣ ಬೆನ್ನುಹುರಿಯದೇ ತೊಂದರೆ ಅಂತಲ್ಲ. ನನಗೆ ತುಂಬಾ ಹಿಡಿಸಿದ ಭಾಗ ಇದು. ಅದೇ ನರದ ಸಿಗ್ನಲ್ಲನ್ನು ಮಂಡಿಯ ಹಿಂದೆಯೂ ಹಿಡಿಯುತ್ತಾರೆ. ಅಲ್ಲೂ ಹೋಗಿದ್ದರೆ ಎಲೆಕ್ಟ್ರೋಡ್ ಕಿತ್ತಿರಬಹುದು, ಇಲ್ಲ ಕ್ಲ್ಯಾಂಪ್‌ನಿಂದ ಕಾಲಿಗೇ ರಕ್ತ ಸಾಲದೆ ಹೋಗಿರಬಹುದು. ಮಂಡಿ ಸರಿಯಿದ್ದು, ಕಾಲಿನ ಜೊತೆ ಕೈಯ ಸಿಗ್ನಲ್ಲೂ ನೆತ್ತಿಯಲ್ಲಿ ಕುಸಿದರೆ ಮೊದಲು ಅನಸ್ತೇಸಿಯಾ ನೋಡಬೇಕು, ಸೆವೋಫ್ಲುರೇನ್‌ನಂಥ ಗ್ಯಾಸ್ ಜಾಸ್ತಿಯಾದರೆ ಎಲ್ಲಾ ಅಲೆಗಳೂ ತಗ್ಗುತ್ತವೆ. ಮಂಡಿ ಸರಿ, ಕೈ ಸರಿ, ಕಾಲಿನದು ಮಾತ್ರ ನೆತ್ತಿಗೆ ಬರ್ತಿಲ್ಲ ಅಂದರೆ ಆಗ ಗಾಬರಿಪಡಬೇಕು. ರಕ್ತದೊತ್ತಡ ಏರಿಸುವುದು, ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸ್ವಲ್ಪ ಹೊರಬಿಡುವುದು, ಇಂಥ ಕೆಲಸಗಳಿಗೆ ಡಾಕ್ಟರರು ಕೈಹಾಕುವುದು ಆಗಲೇ. ಪ್ರೋಗ್ರಾಂ ಈಗ ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಿದೆ.

ಇಷ್ಟಾದರೂ ಇದು ಅರ್ಧ ಕೆಲಸ. ಬೆನ್ನುಹುರಿಯ ಹಿಂಭಾಗಕ್ಕೆ ಎರಡು ರಕ್ತನಾಳ, ಮುಂಭಾಗಕ್ಕೆ ಒಂದೇ, ಆ ಒಂದೇ ನಾಳ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿಗೆ ರಕ್ತ ಕೊಡಬೇಕು. ಎಸ್‌ಎಸ್‌ಇಪಿ ಹತ್ತಿ ಬರುವುದು ಹಿಂಭಾಗದಲ್ಲಿ. ಕಾಲು ಅಲ್ಲಾಡಿಸುವ ನರಕೋಶಗಳು ಇರುವುದು ಮುಂದೆ. ಮುಂದಿನ ನಾಳಕ್ಕೆ ಅಯೋರ್ಟಾದಿಂದ ಬರುವ ಆಡಮ್ಕೀವಿಚ್ ನಾಳ ಮುಚ್ಚಿಕೊಂಡರೂ ನನ್ನ ಪರದೆಯ ಮೇಲೆ ಎಲ್ಲಾ ಹಸಿರು ಇರಬಹುದು! ಇದು ಒಪ್ಪುವ ಮಾತಲ್ಲ. ಅದಕ್ಕೆ ಬೇಕಾದ್ದು ಎಂಇಪಿ: ತಲೆಯ ಮೇಲಿಂದ ಕರೆಂಟ್ ಕೊಟ್ಟು ಕಾಲಿನ ಸ್ನಾಯುವಿನಲ್ಲಿ ಉತ್ತರ ನೋಡುವುದು. ತಲೆಬುರುಡೆ ತೆರೆಯದೆ ಹೀಗೆ ಮಾಡಬಹುದು ಅಂತ 1980ರಲ್ಲಿ ಮರ್ಟನ್ ಮತ್ತು ಮಾರ್ಟನ್ ತೋರಿಸಿದರು. ಸ್ನಾಯುವಿನ ಸಿಗ್ನಲ್ ದೊಡ್ಡದು, ಸರಾಸರಿ ಬೇಕಿಲ್ಲ, ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತದೆ. ಆದರೆ ಪ್ರತಿ ಸಲವೂ ರೋಗಿಯ ಮೈ ಅದುರುವುದರಿಂದ ಬಿಡದೆ ಕೊಡುವಂತಿಲ್ಲ, ಸ್ನಾಯು ಸಡಿಲಿಸುವ ಔಷಧವನ್ನೂ ಹಿಡಿತದಲ್ಲಿ ಇಡಬೇಕು.

ಮುಂದಿನ ಕೆಲಸ ಎಂಇಪಿ ಸಿಗ್ನಲ್ ತಯಾರಿಸಿ ಪಕ್ಕದ ಕಿಟಕಿಯಲ್ಲಿ ಕೂರಿಸುವುದು, ಕೊನೆಯ ಸಲ ನೋಡಿ ಎಷ್ಟು ಹೊತ್ತಾಯಿತು ಅನ್ನುವ ಗಡಿಯಾರವೂ ಅದರ ಜೊತೆಗೇ ಇರಬೇಕು. ಓಟಿಯಲ್ಲಿ ಈ ಕೆಲಸ ಮಾಡುವವರು ಯಾರಾದರೂ ಓದುತ್ತಿದ್ದರೆ, ಆ ಗಡಿಯಾರ ಎಷ್ಟು ನಿಮಿಷಕ್ಕೆ ಕೂಗಿದರೆ ನಿಮಗೆ ಅನುಕೂಲ ಅಂತ ತಿಳಿಸಿ.