ಕ್ರಿಮಿನಲ್ ಜಸ್ಟಿಸ್ ಓದಲು ಅಮೆರಿಕಕ್ಕೆ ಹೊರಟವರಿಗೆ

ಕಾಲೇಜಿನ ರ‍್ಯಾಂಕಿಂಗ್ ಆಮೇಲೆ ನೋಡಿ. ಮೊದಲು ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರದಲ್ಲಿ ಕೋರ್ಸಿನ ಹೆಸರಿನ ಜೊತೆಗಿರುವ ಆರಂಕಿಯ ಕೋಡ್ ನೋಡಿ. ಕ್ರಿಮಿನಲ್ ಜಸ್ಟಿಸ್‌ನ (ಅಪರಾಧ ಮತ್ತು ನ್ಯಾಯವ್ಯವಸ್ಥೆಯ ಓದು) 43.0104 ಅಂತಿದ್ದರೆ ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಕೋರ್ಸ್ ಅಲ್ಲ. ಪದವಿ ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಓಪಿಟಿ, 12 ತಿಂಗಳು, ಅಷ್ಟೇ. ಫೊರೆನ್ಸಿಕ್ ಸೈನ್ಸ್‌ನ 43.0406 ಆಗಿದ್ದರೆ ಇನ್ನೂ 24 ತಿಂಗಳು ಕೇಳಬಹುದು, ಆದರೆ ಕೆಲಸ ಕೊಡುವವರು ಇ-ವೆರಿಫೈನಲ್ಲಿ (ನೌಕರರಿಗೆ ಕೆಲಸದ ಅರ್ಹತೆ ಇದೆಯೇ ಎಂದು ಪರಿಶೀಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ನೋಂದಾಯಿಸಿರಲೇಬೇಕು.

ಎಫ್‌ಬಿಐ ಸೇರಲು ಅಮೆರಿಕದ ಪೌರತ್ವ ಬೇಕೇ ಬೇಕು. ಎಷ್ಟೋ ಪೊಲೀಸ್ ಇಲಾಖೆಗಳಲ್ಲಿ ಇಂಟರ್ನ್‌ಶಿಪ್‌ಗೂ ಇದೇ ತೊಡಕು. ಒಂದು ದೇಶದ ನ್ಯಾಯವ್ಯವಸ್ಥೆಯನ್ನು ಇಷ್ಟಪಟ್ಟು ಕಲಿತವರು ಅದರ ಹೊಸ್ತಿಲಲ್ಲೇ ನಿಲ್ಲಬೇಕಾಗುವುದು ನೋವಿನ ಸಂಗತಿ. ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಿದ್ದರೆ, ವಿದೇಶಿ ವಿದ್ಯಾರ್ಥಿಗಳನ್ನು ಎಲ್ಲಿಗೆ ಕಳಿಸುತ್ತೀರಿ ಅಂತ ಫೀಸು ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ. ಸಂತ್ರಸ್ತರಿಗೆ ನೆರವಾಗುವ ಸಂಸ್ಥೆಗಳು, ಜೈಲಿನಿಂದ ಬಿಡುಗಡೆಯಾದವರ ಪುನರ್ವಸತಿ, ಅಪರಾಧದ ಅಂಕಿಅಂಶಗಳ ಸಂಶೋಧನೆ, ಹೀಗೆ ಬೇರೆ ದಾರಿಗಳಿವೆ. ಇಂಥ ಇಂಟರ್ನ್‌ಶಿಪ್‌ಗೆ ಓದುವಾಗಲೇ ಸಿಗುವ ಅನುಮತಿ ಸಿಪಿಟಿ; ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಮಾತ್ರ ಆ ಹಂತದ ಪದವಿಯ ಓಪಿಟಿ ಕೈತಪ್ಪುತ್ತದೆ.

ಓಪಿಟಿ ಅರ್ಜಿಯನ್ನು ಕೋರ್ಸ್ ಮುಗಿಯಲು 90 ದಿನ ಇರುವಾಗಿನಿಂದ ಮುಗಿದು 60 ದಿನದವರೆಗೆ ಹಾಕಬಹುದು. ಎಡವುವುದು ಇಲ್ಲೇ: ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ) ಸೆವಿಸ್‌ನಲ್ಲಿ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶಿಫಾರಸು ದಾಖಲಿಸಿದ 30 ದಿನದೊಳಗೆ ಓಪಿಟಿ ಅರ್ಜಿಯಾದ ಐ-765 ಸಲ್ಲಿಕೆಯಾಗಿರಬೇಕು. ಫೋಟೊ, ಪಾಸ್‌ಪೋರ್ಟ್ ಪ್ರತಿ, ಶುಲ್ಕ ಎಲ್ಲ ಸಿದ್ಧವಾದ ಮೇಲೆಯೇ ಶಿಫಾರಸು ಕೇಳಿ.