ಎಂಟರ ಅಂಗಿ, ಎಂಬತ್ತೆಂಟರ ಟೋಪಿ

2008ರ ಮೇ 25ರ ಭಾನುವಾರ ಮಧ್ಯಾಹ್ನ ನೆರೆಮನೆಯ ಹಿರಿಯರು ತಮ್ಮ ಪಿಕಪ್ ಟ್ರಕ್ಕಿನ ಹಿಂಬದಿಗೆ ಬಾವುಟದ ಕೋಲನ್ನು ಬಿಗಿಯುತ್ತಿದ್ದರು. ಅವರು ತೊಟ್ಟಿದ್ದ ಮಾಸಿದ ಕೆಂಪು ಅಂಗಿಯ ಬೆನ್ನಿನ ಮೇಲೆ 8 ಎಂಬ ದೊಡ್ಡ ಅಂಕಿಯಿತ್ತು. ತಲೆಯ ಮೇಲಿದ್ದ ಹೊಸ ಟೋಪಿಯಲ್ಲಿ 88 ಎಂದಿತ್ತು. ಕೋಲಿನ ತುದಿಯಲ್ಲಿ ಕಪ್ಪು ಬಟ್ಟೆಯ ಮೇಲೆ ಓರೆಯಾಗಿ ಬರೆದ 3ರ ಬಾವುಟ ಹಾರುತ್ತಿತ್ತು. ಮೈಸೂರಿನಿಂದ ನಾರ್ತ್ ಕೆರೊಲೈನಾದ ಷಾರ್ಲಟ್‌ಗೆ ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸಕ್ಕಾಗಿ ಬಂದು ಎರಡು ವರ್ಷವಾಗಿದ್ದ ನನಗೆ ಆ ಮೂರು ಅಂಕಿಗಳು ಒಂದೇ ಮನೆತನದ ಕಥೆಯೆಂಬುದು ಆಗ ತಿಳಿದಿರಲಿಲ್ಲ. ಅಂದು ಸಂಜೆ ಕೊಕಾಕೋಲಾ 600 ಸ್ಟಾಕ್ ಕಾರ್ ಪಂದ್ಯಕ್ಕೆ ಅವರು ನನ್ನನ್ನು ಕರೆದೊಯ್ದರು.

ಹಿರಿಯರು ಷಾರ್ಲಟ್‌ನ ಈಶಾನ್ಯಕ್ಕಿರುವ ಕನ್ಯಾಪೊಲಿಸ್ ಎಂಬ ಊರಿನವರು, ಅಲ್ಲಿನ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಗಿರಣಿಯ ಒಡೆತನ ಕೈಯಿಂದ ಕೈಗೆ ಹೋಗಿ, ಹೆಸರು ಬದಲಾಗಿ, ಕೊನೆಗೆ 2003ರ ಬೇಸಿಗೆಯಲ್ಲಿ ಅದು ಮುಚ್ಚಿತು. ಹೆಸರಾಂತ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ಹುಟ್ಟಿದ್ದು ಅದೇ ಊರಿನಲ್ಲಿ. ಡೇಲ್‌ನ ತಂದೆ ರಾಲ್ಫ್ ಕೂಡ ಗಿರಣಿಯ ಕೆಲಸ ಬಿಟ್ಟು ರೇಸಿಗಿಳಿದವರು. ಅವರ ಕಾರಿನ ಸಂಖ್ಯೆ 8. ಡೇಲ್ 1975ರಲ್ಲಿ ಮೊದಲ ಸಲ ಅತ್ಯುನ್ನತ ದರ್ಜೆಯ ಪಂದ್ಯಕ್ಕೆ ಇಳಿದದ್ದು ಇದೇ ಷಾರ್ಲಟ್ ಅಂಗಳದ ಇದೇ 600 ಮೈಲಿಯ ಪಂದ್ಯದಲ್ಲಿ, ಬೇರೊಬ್ಬರ ತಂಡದ 8ನೇ ಸಂಖ್ಯೆಯ ಡಾಡ್ಜ್ ಕಾರಿನಲ್ಲಿ. ದಾರಿಯುದ್ದಕ್ಕೂ ಹಿರಿಯರು ಇದನ್ನೆಲ್ಲ ತಮ್ಮ ಮನೆಯ ಹಳೆಯ ಸಂಗತಿಯೆಂಬಂತೆ ಹೇಳುತ್ತಾ ಹೋದರು.

ನಾನು ಕೇಳಿದ ಪ್ರಶ್ನೆ ಸರಳವಾಗಿತ್ತು: ಅಭಿಮಾನಿ ಹಿಂಬಾಲಿಸುವುದು ಯಾವುದನ್ನು, ಕಾರನ್ನೋ, ಸಂಖ್ಯೆಯನ್ನೋ, ಚಾಲಕನನ್ನೋ? ಅವರು ಉತ್ತರವನ್ನು ಲೆಕ್ಕದಿಂದಲೇ ಆರಂಭಿಸಿದರು. ಡೇಲ್ ಅರ್ನ್‌ಹಾರ್ಟ್ ಗೆದ್ದ ಏಳು ಚಾಂಪಿಯನ್‌ಶಿಪ್‌ಗಳಲ್ಲಿ ಮೊದಲನೆಯದು, 1980ರದು, ಬಂದದ್ದು 2ನೇ ಸಂಖ್ಯೆಯ ಕಾರಿನಲ್ಲಿ. ಆಮೇಲೆ ಅವರು 15ನೇ ಸಂಖ್ಯೆಯ ಫೋರ್ಡ್ ಓಡಿಸಿದರು. 1984ರಲ್ಲಿ ರಿಚರ್ಡ್ ಚಿಲ್ಡ್ರೆಸ್ ಅವರ ತಂಡಕ್ಕೆ ಮರಳಿದಾಗ ಸಿಕ್ಕ 3 ಕೂಡ ಹಿಂದಿನ ಎರಡು ವರ್ಷ ರಿಕಿ ರಡ್ ಓಡಿಸಿದ್ದ ಸಂಖ್ಯೆ. "ರಡ್ ಓಡಿಸುವಾಗ ಯಾರಾದರೂ ಆ ಮೂರನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡಿದ್ದರೇ? ಅಂಕಿಗೆ ಜೀವ ಕೊಟ್ಟದ್ದು ಡೇಲ್" ಎಂದರು. ಕಾಗದದ ಮೇಲೆ ಸಂಖ್ಯೆ ಚಾಲಕನದಲ್ಲ. ಅದರ ಹಕ್ಕು ಈ ಪಂದ್ಯಗಳನ್ನು ನಡೆಸುವ ನಾಸ್ಕರ್ ಸಂಸ್ಥೆಯದು; ಸಂಸ್ಥೆ ಅದನ್ನು ತಂಡದ ಒಡೆಯರಿಗೆ ಕೊಡುತ್ತದೆ, ಚಾಲಕ ತಂಡ ಬಿಟ್ಟರೆ ಸಂಖ್ಯೆ ಹಿಂದೆಯೇ ಉಳಿಯುತ್ತದೆ.

ಡೇಲ್‌ನ ಮಗ, ಕಿರಿಯ ಡೇಲ್‌ಗೆ ಆದದ್ದೂ ಇದೇ. ಅಜ್ಜನ 8ರಲ್ಲಿ ಅವನು 2004ರ ಡೇಟೋನಾ 500 ಎಂಬ ಹೆಸರಾಂತ ಪಂದ್ಯ ಗೆದ್ದಿದ್ದ. ತಂದೆ ಕಟ್ಟಿದ ತಂಡವನ್ನು ಬಿಟ್ಟು 2008ಕ್ಕೆ ಹೆಂಡ್ರಿಕ್ ತಂಡ ಸೇರಿದಾಗ ಆ ಸಂಖ್ಯೆಯನ್ನು ಜೊತೆಗೆ ಒಯ್ಯಲು ಆಗಲಿಲ್ಲ, 88 ಸಿಕ್ಕಿತು. ಹಳೆಯ 8 ತಂದೆಯ ತಂಡದಲ್ಲೇ ಬೇರೆ ಚಾಲಕರ ಕೈಯಲ್ಲಿ ಓಡುತ್ತಿತ್ತು. ವರ್ಷಗಳ ಕಾಲ ಕಿರಿಯ ಡೇಲ್‌ನ ಕಾರಿನ ಮೇಲಿದ್ದ ಬಡ್ವೈಸರ್ ಪ್ರಾಯೋಜಕತ್ವವೂ ಕೇಸಿ ಕೇನ್ ಓಡಿಸುವ 9ನೇ ಸಂಖ್ಯೆಗೆ ಹೋಗಿತ್ತು. ಸಂಖ್ಯೆ ಒಂದೆಡೆ, ಪ್ರಾಯೋಜಕರು ಇನ್ನೊಂದೆಡೆ, ಚಾಲಕ ಮತ್ತೊಂದೆಡೆ. ನನ್ನ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದಿತ್ತು.

ಅಂಗಳದ ಸುತ್ತಳತೆ ಒಂದೂವರೆ ಮೈಲಿ. ನಾನೂರು ಸುತ್ತು ಹಾಕಬೇಕು. ಪಂದ್ಯಕ್ಕೆ ಮುನ್ನ ಚಾಲಕರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾರೆ. ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಎಂಬ ಹೆಸರು ಬಂದಾಗ ನಮ್ಮ ಗ್ಯಾಲರಿ ಪೂರ್ತಿ ಎದ್ದು ನಿಂತಿತು. ಆ ಕೂಗು ಕಿವಿಗಿಂತ ಮೊದಲು ಎದೆಗೆ ತಾಕಿದ ನೆನಪು ನನಗಿದೆ. ಸುತ್ತಲೂ ನೋಡಿದರೆ ಕೆಂಪು ಎಂಟರ ಅಂಗಿಗಳೂ ಹೊಸ ಎಂಬತ್ತೆಂಟರ ಅಂಗಿಗಳೂ ಒಟ್ಟಿಗೇ ನಿಂತಿದ್ದವು. ಪಂದ್ಯ ಶುರುವಾದ ಮೇಲೆ 88 ನಮ್ಮೆದುರು ಹಾಯ್ದಾಗಲೆಲ್ಲ ಹಿರಿಯರ ತಲೆ ಅದರೊಂದಿಗೆ ತಿರುಗುತ್ತಿತ್ತು. 8 ಹಾಯ್ದಾಗ ಅವರು ಕಿವಿಗೆ ಹಾಕಿಕೊಂಡಿದ್ದ ಸ್ಕ್ಯಾನರ್ ಎಂಬ ರೇಡಿಯೋದಲ್ಲಿ ಕಿರಿಯ ಡೇಲ್‌ನ ಮಾತು ಕೇಳುವುದರಲ್ಲಿ ಮಗ್ನರಾಗಿರುತ್ತಿದ್ದರು. ಅದು ಕೋಪವಾಗಲಿ ತಿರಸ್ಕಾರವಾಗಲಿ ಆಗಿರಲಿಲ್ಲ.

ಕತ್ತಲಾದ ಮೇಲೆ ಎಚ್ಚರಿಕೆಯ ಹಳದಿ ಬಾವುಟ ಬೀಸಿ ಕಾರುಗಳು ನಿಧಾನವಾದಾಗ, ಅವರು 2001ರ ಫೆಬ್ರವರಿ 18ರ ಮಾತೆತ್ತಿದರು. ಡೇಟೋನಾದ ಕೊನೆಯ ಸುತ್ತಿನ ಅಪಘಾತದಲ್ಲಿ ಹಿರಿಯ ಡೇಲ್ ತೀರಿಕೊಂಡ ದಿನ ಅದು. ಚಿಲ್ಡ್ರೆಸ್ 3ನ್ನು ತೆಗೆದು, ಕಾರಿಗೆ ಬಿಳಿ ಬಣ್ಣ ಬಳಿಸಿ, 29 ಎಂದು ಬರೆಸಿ ಕೆವಿನ್ ಹಾರ್ವಿಕ್ ಎಂಬ ಯುವಕನ ಕೈಗೆ ಕೊಟ್ಟರು. ಹಾರ್ವಿಕ್ ತನ್ನ ಮೂರನೆಯ ಪಂದ್ಯದಲ್ಲೇ, ಅಟ್ಲಾಂಟಾದಲ್ಲಿ, ಜೆಫ್ ಗಾರ್ಡನ್‌ಗಿಂತ ಕೇವಲ 0.006 ಸೆಕೆಂಡು ಮುಂದಾಗಿ ಗೆದ್ದು, ಕಿಟಕಿಯಾಚೆ ಮೂರು ಬೆರಳು ಚಾಚಿ ಕಾರು ಓಡಿಸಿದ. ಆ ವರ್ಷವೆಲ್ಲ ಪ್ರತಿ ಪಂದ್ಯದ ಮೂರನೆಯ ಸುತ್ತಿನಲ್ಲಿ ಜನ ಎದ್ದು ಮೂರು ಬೆರಳೆತ್ತಿ ಮೌನವಾಗಿ ನಿಲ್ಲುತ್ತಿದ್ದರು. ಹಾಗೆ ನಿಂತವರಲ್ಲಿ ಹಿರಿಯರೂ ಒಬ್ಬರು. "ತಂಡ ಅದೇ, ಮೆಕ್ಯಾನಿಕ್ಕುಗಳೂ ಅವರೇ. ಆದರೂ ನಾನು ಇಪ್ಪತ್ತೊಂಬತ್ತರ ಹಿಂದೆ ಹೋಗಲಿಲ್ಲ, ಡೇಲ್‌ನ ಹುಡುಗನ ಹಿಂದೆ ಹೋದೆ" ಎಂದು ಹೇಳಿ ಸುಮ್ಮನಾದರು.

ನನಗೆ ಊರಿನ ದಸರೆ ನೆನಪಾಯಿತು. ದ್ರೋಣ ಆನೆ ಸತ್ತಾಗ ಮೈಸೂರಿನ ಮನೆಮನೆಯಲ್ಲಿ ಜನ ಕಣ್ಣೀರಿಟ್ಟರು. ಮುಂದಿನ ವರ್ಷಗಳಲ್ಲಿ ಬಲರಾಮ ಅದೇ ಚಿನ್ನದ ಅಂಬಾರಿಯನ್ನು ಹೊತ್ತು ಬಂದಾಗ ಅದೇ ಜನ ಕೈಮುಗಿದರು. ಅಂಬಾರಿಯೊಳಗೆ ಚಾಮುಂಡೇಶ್ವರಿ ಇರುವುದರಿಂದ ಹೊರುವವನು ಬದಲಾದರೂ ಭಕ್ತಿ ಬದಲಾಗುವುದಿಲ್ಲ. ಇಲ್ಲಿ ಅಂಕಿಯೊಳಗೆ ಇದ್ದವನೇ ಚಾಲಕ. ಅವನು ಇಳಿದುಹೋದರೆ ಉಳಿಯುವುದು ಬಣ್ಣ ಮಾತ್ರ.

ಕೊನೆಗೆ ಮುಂದಿದ್ದ ಟೋನಿ ಸ್ಟೀವರ್ಟ್‌ನ ಟೈರು ಇನ್ನು ಮೂರು ಸುತ್ತು ಇರುವಾಗ ಕೈಕೊಟ್ಟು, ಗೆಲುವು ಕೇಸಿ ಕೇನ್ ಪಾಲಾಯಿತು. ಹಳೆಯ ಪ್ರಾಯೋಜಕರ ಹೆಸರು ಹೊತ್ತ ಕಾರು ಗೆದ್ದಿತ್ತು. ಕೆಂಪು ಅಂಗಿಯವರು ಸದ್ದಿಲ್ಲದೆ ಮೆಟ್ಟಿಲಿಳಿದರು. ವಾಹನಗಳ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಿದ್ದಾಗ ಹಿರಿಯರು ಸೀಟಿನ ಹಿಂದಿನ ಪೆಟ್ಟಿಗೆ ತೆರೆದು, ಮಡಿಸಿಟ್ಟಿದ್ದ 8ರ ಬಾವುಟವನ್ನು ತೋರಿಸಿದರು. ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. "ಇದು ಅವನು ಓಡಿಸಿದ ವರ್ಷಗಳ ಬಾವುಟ. ಈಗ ಓಡುತ್ತಿರುವ ಎಂಟು ಬೇರೆ" ಎಂದರು.

2014ರಲ್ಲಿ ಚಿಲ್ಡ್ರೆಸ್ ಅವರ ಮೊಮ್ಮಗ ಆಸ್ಟಿನ್ ಡಿಲನ್ 3ನ್ನು ಮತ್ತೆ ಅಂಗಳಕ್ಕಿಳಿಸಿ ಡೇಟೋನಾದಲ್ಲಿ ಮೊದಲ ಸ್ಥಾನದಿಂದ ಹೊರಟಾಗ, ಅನೇಕ ಹಳೆಯ ಅಭಿಮಾನಿಗಳು ನೊಂದುಕೊಂಡಿದ್ದರು. ಹಿರಿಯರ ಮನೆಯಲ್ಲಿ ಟಿವಿಯ ಮುಂದೆ ಕುಳಿತಿದ್ದ ನಾನು ಅವರ ಮುಖವನ್ನೇ ಗಮನಿಸುತ್ತಿದ್ದೆ. "ಆ ಗ್ಯಾರೇಜಿನಲ್ಲೇ ಬೆಳೆದ ಹುಡುಗ, ಓಡಿಸಲಿ ಬಿಡು" ಎಂದು ಹೇಳಿ, ಅವರು ಕನ್ನಡಕ ಸರಿಪಡಿಸಿಕೊಂಡು ಪರದೆಯ ಮೇಲೆ 88 ಎಲ್ಲಿದೆಯೆಂದು ಹುಡುಕತೊಡಗಿದರು. ಮಳೆಯಿಂದ ಗಂಟೆಗಟ್ಟಲೆ ನಿಂತು ಮತ್ತೆ ಸಾಗಿದ ಆ ಪಂದ್ಯವನ್ನು ರಾತ್ರಿ ಬಹಳ ಹೊತ್ತಿನ ಮೇಲೆ ಗೆದ್ದದ್ದು 88. ಹಿರಿಯರು ಎದ್ದು ಹೋಗಿ ಒಳಕೋಣೆಯಿಂದ ಆ ಕೆಂಪು ಅಂಗಿಯನ್ನು ತಂದು ತೊಟ್ಟುಕೊಂಡರು.